ಒಂದೇ ಸ್ವಿಚ್ಚು, ಎರಡು ಹೆಸರು: ಟ್ರಿಮ್ ಎಲ್ಲಿ ಮುಗಿಯುತ್ತದೆ, ಟಿಲ್ಟ್ ಎಲ್ಲಿ ಶುರುವಾಗುತ್ತದೆ?

ಹೊಸಚುಕ್ಕಾಣಿ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳ ಹಿಂದೆ ಬೋಟು ತಗೊಂಡೆ. 17 ಅಡಿ ಫೈಬರ್, ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿದ ಮೋಟಾರು, 60 ಎಚ್‌ಪಿ ಔಟ್‌ಬೋರ್ಡ್. ಎರಡೂ ಸೆಕೆಂಡ್ ಹ್ಯಾಂಡ್. ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಡಿಯಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸ್ವಿಚ್ಚಿದೆ. ಮೇಲಕ್ಕೆ ಒತ್ತಿದರೆ ಮೋಟಾರು ಏಳುತ್ತದೆ, ಕೆಳಕ್ಕೆ ಒತ್ತಿದರೆ ಇಳಿಯುತ್ತದೆ. ಮಾರಿದವರನ್ನು ಕೇಳಿದರೆ "ಇದೇ ಟ್ರಿಮ್ಮು, ಇದೇ ಟಿಲ್ಟು" ಅಂದರು. ಅಷ್ಟೇ ಪಾಠ.

ನಾನು ಇಷ್ಟು ದಿನ ಮೋಟಾರನ್ನು ಪೂರ್ತಿ ಕೆಳಗಿಳಿಸಿಯೇ ಓಡಿಸುತ್ತಿದ್ದೆ. ಸ್ಟೇರಿಂಗು ಬಲಕ್ಕೆ ಎಳೆಯುತ್ತದೆ. ಅರ್ಧ ಗಂಟೆಗೆ ತೋಳು ನೋಯುತ್ತದೆ. ಮುಂದೆ ಕೂತವರು ತೊಪ್ಪೆಯಾಗುತ್ತಾರೆ. ಪೆಟ್ರೋಲು ಕುಡಿಯುವುದನ್ನಂತೂ ಕೇಳಬೇಡಿ. ಮೊನ್ನೆ ಗೆಳೆಯ "ಸ್ವಲ್ಪ ಮೇಲೆತ್ತು ಮಾರಾಯಾ" ಅಂದ. ಎತ್ತಿದೆ. ಬೋಟಿನ ಮೂತಿ ಮೇಲೆ ಕೆಳಗೆ ಕುಣಿಯಲು ಶುರು ಮಾಡಿತು, ಮೋಟಾರು ಕಿರುಚಿತು, ವೇಗ ಬಿತ್ತು. ಹೆದರಿ ಮತ್ತೆ ಪೂರ್ತಿ ಇಳಿಸಿಬಿಟ್ಟೆ.

ನಾನು ಒತ್ತಿದ್ದು ಟ್ರಿಮ್ಮೋ ಟಿಲ್ಟೋ? ಏನಾದರೂ ಮುರಿದುಕೊಂಡೆನಾ? ಟ್ರಿಮ್ ಮೀಟರು ಸತ್ತಿದೆ, ಮುಳ್ಳು ಅಲ್ಲಾಡುವುದೇ ಇಲ್ಲ.

ಹಳೇಪಿಸ್ಟನ್

ಏನೂ ಮುರಿದಿಲ್ಲ, ಗಾಬರಿ ಬೇಡ.

ಸ್ವಿಚ್ಚು ಒಂದೇ, ಮೋಟಾರು ವಾಲುವ ದಾರಿಯೂ ಒಂದೇ. ಆ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಪೂರ್ತಿ ಕೆಳಗಿನಿಂದ ಸುಮಾರು 20 ಡಿಗ್ರಿ ತನಕ ಟ್ರಿಮ್. ಅದು ಬೋಟು ಓಡುತ್ತಿರುವಾಗ ಬಳಸುವುದಕ್ಕೆ. ಅಲ್ಲಿಂದ ಮೇಲೆ 70 ಡಿಗ್ರಿ ಆಸುಪಾಸಿನ ತನಕ ಟಿಲ್ಟ್. ಅದು ಪ್ರೊಪೆಲ್ಲರನ್ನು ನೀರಿನಿಂದ ಎತ್ತುವುದಕ್ಕೆ. ಆಳವಿಲ್ಲದ ಕಡೆ, ಟ್ರೇಲರ್ ಮೇಲೆ ಹಾಕುವಾಗ, ಬೋಟು ಕಟ್ಟಿ ಮನೆಗೆ ಹೋಗುವಾಗ. ಡಿಗ್ರಿ ಮೋಟಾರಿನಿಂದ ಮೋಟಾರಿಗೆ ಸ್ವಲ್ಪ ಹೆಚ್ಚು ಕಡಿಮೆ.

ದಡದಲ್ಲಿ ನಿಂತಾಗ ಮೋಟಾರು ಹಿಡಿದಿರುವ ಬ್ರಾಕೆಟ್ಟಿನ ನಡುವೆ ಇಣುಕಿ ನೋಡಿ. ಬಹಳಷ್ಟು ಮೋಟಾರುಗಳಲ್ಲಿ ನಡುವೆ ಉದ್ದದ್ದೊಂದು ಸಿಲಿಂಡರು, ಅಕ್ಕಪಕ್ಕ ಎರಡು ಗಿಡ್ಡ ಸಿಲಿಂಡರು ಇರುತ್ತವೆ. ಗಿಡ್ಡವು ಟ್ರಿಮ್ಮಿಗೆ, ಉದ್ದದ್ದು ಟಿಲ್ಟಿಗೆ. ಶುರುವಿನಲ್ಲಿ ಪಂಪು ಮೂರಕ್ಕೂ ಎಣ್ಣೆ ತುಂಬಬೇಕು, ಹಾಗಾಗಿ ಮೋಟಾರು ನಿಧಾನವಾಗಿ ಏಳುತ್ತದೆ. ಗಿಡ್ಡ ರಾಡುಗಳು ಪೂರ್ತಿ ಹೊರಗೆ ಬಂದ ಮೇಲೆ ಎಣ್ಣೆಯೆಲ್ಲ ಉದ್ದದ್ದಕ್ಕೆ. ಆಗ ಮೋಟಾರು ಸರ್ರನೆ ಏಳುತ್ತದೆ, ಪಂಪಿನ ಸದ್ದೂ ಬದಲಾಗುತ್ತದೆ. ಆ ಸದ್ದು ಬದಲಾದ ಜಾಗವೇ ನಿಮ್ಮ ಪ್ರಶ್ನೆಗೆ ಉತ್ತರ. ಒಂದೇ ಸಿಲಿಂಡರು ಇರುವ ಮೋಟಾರಿನಲ್ಲಿ ಈ ವ್ಯತ್ಯಾಸ ಕಿವಿಗೆ ಸಿಗುವುದಿಲ್ಲ, ಅಲ್ಲಿ ಮೀಟರೇ ಗತಿ.

ಜೋರಾಗಿ ಓಡುವಾಗ ಪ್ರೊಪೆಲ್ಲರಿನ ತಳ್ಳುವಿಕೆ ಎಷ್ಟಿರುತ್ತದೆ ಅಂದರೆ, ಮೂರು ಸಿಲಿಂಡರಿನ ಮೋಟಾರಿನಲ್ಲಿ ನಡುವಿನದ್ದೊಂದೇ ಅದನ್ನು ಮೀರಿ ಎತ್ತಲು ಆಗುವುದಿಲ್ಲ. ಒತ್ತಡ ಜಾಸ್ತಿಯಾದರೆ ಒಳಗಿನ ರಿಲೀಫ್ ವಾಲ್ವು ತೆರೆದುಕೊಳ್ಳುತ್ತದೆ. ಹಾಗಾಗಿ ನೀವು ಬಹುಶಃ ಟ್ರಿಮ್ಮಿನ ತುದಿಯಲ್ಲಿ ಇದ್ದಿರಿ, ಟಿಲ್ಟಿಗೆ ಹೋಗಿರಲಿಲ್ಲ.

ನೀರ್ಕಾಗೆ

ಹಳೇಪಿಸ್ಟನ್ ಹೇಳಿದ್ದು ಯಂತ್ರದ ಕಥೆ. ನಾನು ಹೆಬ್ಬೆರಳಿನ ಕಥೆ ಹೇಳುತ್ತೇನೆ.

ಹೊಸಚುಕ್ಕಾಣಿ ಸರ್, ನೀವು ಹೇಳಿದ ನಾಲ್ಕು ತೊಂದರೆಗೂ ಕಾರಣ ಒಂದೇ. ಮೋಟಾರು ಪೂರ್ತಿ ಒಳಗಿದ್ದಾಗ, ಅಂದರೆ ಪೂರ್ತಿ ಕೆಳಗಿಳಿಸಿದಾಗ, ಅದರ ಕೆಳತುದಿ ಬೋಟಿನ ಕಡೆಗೆ ವಾಲಿರುತ್ತದೆ. ಪ್ರೊಪೆಲ್ಲರು ಬೋಟಿನ ಹಿಂಭಾಗವನ್ನು ಎತ್ತಿ, ಮೂತಿಯನ್ನು ನೀರಿಗೆ ಒತ್ತುತ್ತದೆ. ಮೂತಿ ನೀರನ್ನು ಉಳುತ್ತಾ ಹೋಗುತ್ತದೆ. ಮುಂದೆ ಕೂತವರು ಒದ್ದೆ, ಪೆಟ್ರೋಲು ಖಾಲಿ, ಸ್ಟೇರಿಂಗು ಭಾರ. ಎಲ್ಲ ಅದೇ. ಟ್ರಿಮ್ ಹೊರಗೆ ಬಿಟ್ಟಂತೆ, ಅಂದರೆ ಮೋಟಾರನ್ನು ಮೇಲೆತ್ತಿದಂತೆ, ಮೂತಿ ಏಳುತ್ತದೆ, ನೀರಿಗೆ ತಾಗುವ ಭಾಗ ಕಡಿಮೆಯಾಗುತ್ತದೆ, ಬೋಟು ಹಗುರಾಗುತ್ತದೆ. ಆದರೆ ಒಂದು ಹಂತ ದಾಟಿದರೆ ಬೋಟಿಗೆ ಆಸರೆಯೇ ಸಾಲದು. ಮೂತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ನೀವು ಕಂಡ ಕುಣಿತ ಅದು.

ನೀವು ಮಾಡಿದ ತಪ್ಪು ಅಂದರೆ ಸ್ವಿಚ್ಚನ್ನು ಹಿಡಿದುಕೊಂಡಿದ್ದು. ಹಿಡಿಯಬಾರದು, ತಟ್ಟಬೇಕು. ಹೊರಡುವಾಗ ಪೂರ್ತಿ ಒಳಗೆ ಇರಲಿ, ಅದು ಸರಿಯೇ. ಮೂತಿ ಬೇಗ ಇಳಿದು ಬೋಟು ಪ್ಲೇನಿಗೆ ಏರಲು, ಅಂದರೆ ನೀರನ್ನು ತಳ್ಳುವುದು ಬಿಟ್ಟು ನೀರಿನ ಮೇಲೆ ಜಾರಲು, ಅದು ಬೇಕು. ಪ್ಲೇನಿಗೆ ಬಂದ ಮೇಲೆ ಥ್ರಾಟಲ್ ಒಂದೇ ಕಡೆ ಬಿಡಿ, ಮುಟ್ಟಬೇಡಿ. ಈಗ ಮೇಲಕ್ಕೆ ಒಂದು ತಟ್ಟು. ಎರಡು ಮೂರು ಸೆಕೆಂಡು ಕಾಯಿರಿ. ಬೋಟು ಸುಧಾರಿಸಿಕೊಳ್ಳಲು ಸಮಯ ಬೇಕು. ಮತ್ತೆ ಒಂದು ತಟ್ಟು. ಜಿಪಿಎಸ್‌ನಲ್ಲಿ ವೇಗ ಏರುತ್ತಾ ಹೋಗುತ್ತದೆ, ಆರ್‌ಪಿಎಂ ಕೂಡ ಸ್ವಲ್ಪ ಸ್ವಲ್ಪ ಏರುತ್ತದೆ. ಒಂದು ಹಂತದಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಅಲ್ಲಿ ನಿಲ್ಲಿ. ಕೆಳಕ್ಕೆ ಒಂದು ತಟ್ಟು ತಟ್ಟಿ. ಅದೇ ಜಾಗ.

ಮೀಟರಿಲ್ಲದಿದ್ದರೆ ಬೋಟಿನ ಪಕ್ಕದಲ್ಲಿ ನೀರು ಸಿಡಿಯುವ ಜಾಗ ನೋಡಿ. ಮೋಟಾರು ಒಳಗಿದ್ದಾಗ ತುಂತುರು ಮೂತಿಯ ಹತ್ತಿರವೇ ಏಳುತ್ತದೆ. ಟ್ರಿಮ್ ಬಿಟ್ಟಂತೆ ಅದು ಹಿಂದಕ್ಕೆ ಸರಿಯುತ್ತದೆ. ನಾನು ಮೀಟರು ನೋಡುವುದನ್ನೇ ಬಿಟ್ಟಿದ್ದೇನೆ.

ಹುಟ್ಟುಗೋಲು

ಇದೆಲ್ಲ ದೊಡ್ಡವರ ಆಟ. ನನ್ನದು 8 ಎಚ್‌ಪಿ, ಕೈಯಲ್ಲಿ ಹಿಡಿದು ತಿರುಗಿಸುವ ಮೋಟಾರು. ಸ್ವಿಚ್ಚೂ ಇಲ್ಲ, ಪಂಪೂ ಇಲ್ಲ. ಇಷ್ಟು ವರ್ಷ ಆರಾಮಾಗಿ ಓಡಿಸಿದ್ದೇನೆ.

ಹಳೇಪಿಸ್ಟನ್

@ಹುಟ್ಟುಗೋಲು, ನಿಮ್ಮದರಲ್ಲೂ ಟ್ರಿಮ್ ಇದೆ ಸ್ವಾಮಿ! ಬ್ರಾಕೆಟ್ಟಿನ ಕೆಳಗೆ ಸಾಲಾಗಿ ತೂತುಗಳಿವೆ, ಅದರಲ್ಲೊಂದು ಪಿನ್ನು ತೂರಿಸಿದೆ. ಅಲ್ವಾ? ಅದೇ ಟ್ರಿಮ್. ನಿಮಗೆ ಓಡುತ್ತಾ ಬದಲಾಯಿಸಲು ಆಗುವುದಿಲ್ಲ ಅಷ್ಟೇ. ಬೋಟಿನಲ್ಲಿ ಒಬ್ಬರೇ ಹಿಂದೆ ಕೂತು, ಮೂತಿ ಆಕಾಶ ನೋಡುತ್ತಿದ್ದರೆ ಪಿನ್ನನ್ನು ಬೋಟಿಗೆ ಹತ್ತಿರದ ತೂತಿಗೆ ಹಾಕಿ. ಮುಂದೆ ಭಾರ ಇದ್ದು ಮೂತಿ ನೀರಿಗೆ ಇಳಿಯುತ್ತಿದ್ದರೆ ದೂರದ ತೂತಿಗೆ. ಮೋಟಾರು ನಿಲ್ಲಿಸಿ ಮಾಡಿ.

ಹುಟ್ಟುಗೋಲು

ಅಯ್ಯೋ, ಆ ಪಿನ್ನು ಇಷ್ಟು ವರ್ಷ ಒಂದೇ ತೂತಿನಲ್ಲಿ ತುಕ್ಕು ಹಿಡಿದಿದೆ. ಸುತ್ತಿಗೆ ತರುತ್ತೇನೆ.

ಅಲೆಮಾರಿ_ಬೋಟು

ಹೊಸಚುಕ್ಕಾಣಿಯವರೇ, ಮೋಟಾರು ಕಿರುಚಿದ್ದು ಕ್ಯಾವಿಟೇಶನ್. ಪ್ರೊಪೆಲ್ಲರ್ ಬದಲಾಯಿಸಿಬಿಡಿ, ಸರಿಹೋಗುತ್ತದೆ.

ಸ್ಪ್ಯಾನರ್‌ಹದಿನಾಲ್ಕು

ದಯವಿಟ್ಟು ಪ್ರೊಪೆಲ್ಲರ್ ಬದಲಾಯಿಸಬೇಡಿ. ಅದು ಕ್ಯಾವಿಟೇಶನ್ ಅಲ್ಲ, ವೆಂಟಿಲೇಶನ್. ಈ ಎರಡನ್ನು ಎಲ್ಲರೂ ಒಂದೇ ಅಂದುಕೊಳ್ಳುತ್ತಾರೆ.

ವೆಂಟಿಲೇಶನ್ ಅಂದರೆ ಮೇಲಿನ ಗಾಳಿಯೋ ಎಕ್ಸಾಸ್ಟ್ ಹೊಗೆಯೋ ಪ್ರೊಪೆಲ್ಲರಿಗೆ ಎಳೆದುಕೊಳ್ಳುವುದು. ಗಾಳಿಯಲ್ಲಿ ಪ್ರೊಪೆಲ್ಲರಿಗೆ ಹಿಡಿತ ಸಿಗುವುದಿಲ್ಲ, ಸುಮ್ನೆ ಸುತ್ತುತ್ತದೆ. ಅದಕ್ಕೇ ಆರ್‌ಪಿಎಂ ಹಾರುತ್ತದೆ, ವೇಗ ಬೀಳುತ್ತದೆ. ಟ್ರಿಮ್ ಅತಿಯಾದರೆ ಪ್ರೊಪೆಲ್ಲರು ನೀರಿನ ಮೇಲ್ಭಾಗಕ್ಕೆ ಹತ್ತಿರ ಬರುತ್ತದೆ, ಆಗ ಹೀಗೆ ಆಗುತ್ತದೆ. ಕ್ಯಾವಿಟೇಶನ್ ಬೇರೆ. ಅಲ್ಲಿ ಹೊರಗಿನ ಗಾಳಿ ಇಲ್ಲ. ಬ್ಲೇಡಿನ ಮೇಲೆ ಒತ್ತಡ ಬಿದ್ದುಹೋಗಿ, ನೀರೇ ತಣ್ಣಗಿದ್ದರೂ ಕುದ್ದು ಆವಿಯ ಗುಳ್ಳೆಯಾಗುತ್ತದೆ. ಆ ಗುಳ್ಳೆ ಒಡೆದ ಜಾಗದಲ್ಲಿ ಬ್ಲೇಡಿನ ಲೋಹ ಹುಳ ತಿಂದ ಹಾಗೆ ಕಿತ್ತುಬರುತ್ತದೆ. ಪೆಟ್ಟು ಬಿದ್ದು ಅಂಚು ಮಡಿಚಿದ ಬ್ಲೇಡಿನಲ್ಲಿ ಇದು ಜಾಸ್ತಿ.

ತಮಾಷೆ ಅಂದರೆ, ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆಯನ್ನು ಎಲ್ಲರೂ ಕ್ಯಾವಿಟೇಶನ್ ಪ್ಲೇಟ್ ಅಂತಲೇ ಕರೆಯುತ್ತಾರೆ. ಅದು ತಡೆಯುವುದು ವೆಂಟಿಲೇಶನ್ನನ್ನು.

ಇನ್ನೊಂದು ಮಾತು, ಇದು ಮುಖ್ಯ. ಮೋಟಾರಿಗೆ ತಂಪು ನೀರು ಒಳಗೆ ಹೋಗುವ ಜಾಲರಿ ಕೆಳಗಿನ ಭಾಗದಲ್ಲಿದೆ. ಟ್ರಿಮ್ ಅತಿಯಾಗಿ ಆ ಜಾಲರಿ ಗಾಳಿ ಎಳೆದರೆ ಇಂಜಿನ್ ಕಾಯುತ್ತದೆ. ಹಿಂದೆ ಸಣ್ಣ ಧಾರೆಯಾಗಿ ನೀರು ಹೊರಗೆ ಬರುತ್ತದಲ್ಲ, ಅದರ ಮೇಲೆ ಒಂದು ಕಣ್ಣಿರಲಿ. ಆಳವಿಲ್ಲದ ಕಡೆ ಟಿಲ್ಟ್ ಮಾಡಿ ಓಡಿಸಲೇಬೇಕು ಅಂದರೆ ತೀರಾ ನಿಧಾನವಾಗಿ, ಜಾಲರಿ ನೀರೊಳಗೆ ಇರುವಷ್ಟು ಮಾತ್ರ.

ಅಲೆಮಾರಿ_ಬೋಟು

ಒಪ್ಪಿದೆ. ನಾನೂ ಆ ತಟ್ಟೆಯ ಹೆಸರು ನೋಡಿಯೇ ಮೋಸ ಹೋದೆ.

ಹೊಸಚುಕ್ಕಾಣಿ

ಬಹಳ ಉಪಕಾರವಾಯಿತು. ಈಗ ಬಲಕ್ಕೆ ಎಳೆಯುವ ವಿಷಯ. ಹೋದ ವಾರ ಒಬ್ಬ ಮೆಕ್ಯಾನಿಕ್ ನೋಡಿ, ಪ್ರೊಪೆಲ್ಲರಿನ ಮೇಲೆ ಮೀನಿನ ರೆಕ್ಕೆ ತರಹ ಸಣ್ಣದೊಂದು ಇದೆಯಲ್ಲ, ಅದನ್ನು ತಿರುಗಿಸಬೇಕು ಅಂದರು. ಅದಕ್ಕೂ ಟ್ರಿಮ್ ಟ್ಯಾಬ್ ಅನ್ನುತ್ತಾರಂತೆ. ಎಷ್ಟು ಟ್ರಿಮ್ಮು ಇದೆ ಸ್ವಾಮಿ ಈ ಲೋಕದಲ್ಲಿ?

ಸ್ಪ್ಯಾನರ್‌ಹದಿನಾಲ್ಕು

ಮೂರಿದೆ, ಹೆಸರು ಒಂದೇ ಆದ್ದರಿಂದ ಎಲ್ಲರೂ ಎಡವುತ್ತಾರೆ. ಒಂದು ನಿಮ್ಮ ಹೆಬ್ಬೆರಳಿನದ್ದು. ಎರಡನೆಯದು ಈ ಸಣ್ಣ ರೆಕ್ಕೆ, ಸ್ಟೇರಿಂಗಿನ ಎಳೆತ ಸರಿಮಾಡಲು. ಮೂರನೆಯದು ಕೆಲವು ಬೋಟುಗಳ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಅಗಲ ತಗಡು. ಬೋಟು ಒಂದು ಕಡೆ ವಾಲಿದರೆ ಅದರಿಂದ ಸರಿಮಾಡಬಹುದು. ಮೋಟಾರಿನ ಟ್ರಿಮ್ಮಿನಿಂದ ಆ ಕೆಲಸ ಆಗದು, ಅದು ಮೂತಿಯನ್ನು ಎತ್ತಿ ಇಳಿಸಬಲ್ಲದು ಅಷ್ಟೇ.

ರೆಕ್ಕೆ ಮುಟ್ಟುವ ಮೊದಲು ಹೆಬ್ಬೆರಳು ಬಳಸಿ ನೋಡಿ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಪ್ರೊಪೆಲ್ಲರಿದ್ದರೆ, ಮೋಟಾರು ಪೂರ್ತಿ ಒಳಗಿರುವಾಗ ಬೋಟು ಬಲಕ್ಕೆ ಎಳೆಯುತ್ತದೆ. ಅತಿಯಾಗಿ ಹೊರಗೆ ಬಿಟ್ಟರೆ ಎಡಕ್ಕೆ. ನಡುವೆ ಒಂದು ಕಡೆ ಎಳೆತ ಬಹುತೇಕ ಇಲ್ಲವಾಗುತ್ತದೆ. ನಿಮ್ಮದು ಯಾವಾಗಲೂ ಒಳಗೇ ಇತ್ತು, ಬಲಕ್ಕೇ ಎಳೆಯಿತು. ಲೆಕ್ಕ ಸರಿಹೋಯಿತು.

ಸರಿಯಾದ ಟ್ರಿಮ್ಮಿನಲ್ಲಿ, ನೀವು ದಿನಾ ಓಡಿಸುವ ವೇಗದಲ್ಲಿ ಇನ್ನೂ ಎಳೆಯುತ್ತಿದ್ದರೆ ಆಗ ರೆಕ್ಕೆ. ಇಂಜಿನ್ ನಿಲ್ಲಿಸಿ, ಬೋಲ್ಟ್ ಸಡಿಲ ಮಾಡಿ. ಬಲಕ್ಕೆ ಎಳೆದರೆ ರೆಕ್ಕೆಯ ಹಿಂತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ. ತಲೆಕೆಳಗು ಅನ್ನಿಸುತ್ತದೆ, ಆದರೆ ಹಾಗೇ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಓಡಿಸಿ ನೋಡಿ, ಮತ್ತೆ ತಿರುಗಿಸಿ. ಬಹಳ ಮೋಟಾರುಗಳಲ್ಲಿ ಆ ರೆಕ್ಕೆಯೇ ತುಕ್ಕು ತಡೆಯುವ ಸತುವಿನ ತುಂಡು ಕೂಡ. ಸವೆದು ಅರ್ಧವಾಗಿದ್ದರೆ ಬದಲಾಯಿಸಿ. ಬಣ್ಣ ಮಾತ್ರ ಹಚ್ಚಬೇಡಿ, ಹಚ್ಚಿದರೆ ಅದು ಕೆಲಸ ಮಾಡುವುದಿಲ್ಲ.

ಕಡಲಮಗಳು

ಎಲ್ಲರೂ ನೀರು ಕನ್ನಡಿಯ ಹಾಗೆ ಇದೆ ಅಂತ ಅಂದುಕೊಂಡೇ ಮಾತಾಡುತ್ತಿದ್ದೀರಿ. ಅಲೆ ಇದ್ದಾಗ ಅತಿ ವೇಗದ ಟ್ರಿಮ್ಮೇ ಒಳ್ಳೆಯ ಟ್ರಿಮ್ ಅಲ್ಲ.

ಅಲೆ ಎದುರಿನಿಂದ ಬರುತ್ತಿದ್ದರೆ ಸ್ವಲ್ಪ ಒಳಗೆ ತಟ್ಟಿ. ಮೂತಿ ಇಳಿದು, ಬೋಟಿನ ಚೂಪಾದ ಭಾಗ ಅಲೆಯನ್ನು ಸೀಳುತ್ತದೆ. ಮೂತಿ ಎತ್ತಿಕೊಂಡು ಹೋದರೆ ಪ್ರತಿ ಅಲೆಗೂ ಬೋಟಿನ ಹೊಟ್ಟೆ ದಬದಬ ಬಡಿಯುತ್ತದೆ, ಬೆನ್ನು ಮುರಿಯುತ್ತದೆ. ಅಲೆ ಹಿಂದಿನಿಂದ ಬರುತ್ತಿದ್ದರೆ ಇದಕ್ಕೆ ಪೂರ್ತಿ ಉಲ್ಟಾ. ಆಗ ಮೂತಿ ಮೇಲಿರಬೇಕು. ಮೋಟಾರು ಒಳಗಿಟ್ಟುಕೊಂಡು ಅಲೆಯ ಇಳಿಜಾರಿನಲ್ಲಿ ಇಳಿದರೆ ಮೂತಿ ಮುಂದಿನ ಅಲೆಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗಿಬಿಡುತ್ತದೆ. ನನಗೊಮ್ಮೆ ಹೀಗಾಗಿದೆ. ಬೋಟು ಅಡ್ಡ ನಿಂತಿತು, ಒಳಗಿದ್ದ ಸಾಮಾನೆಲ್ಲ ಒಂದೇ ಕಡೆ ಬಂತು. ತಪ್ಪು ನನ್ನದೇ. ಎದುರಲೆಯಲ್ಲಿ ಹೋಗಿ, ವಾಪಸ್ ತಿರುಗಿದ ಮೇಲೆ ಟ್ರಿಮ್ ಬದಲಾಯಿಸಲು ಮರೆತಿದ್ದೆ. ಅವತ್ತಿನಿಂದ ದಿಕ್ಕು ಬದಲಾದರೆ ಹೆಬ್ಬೆರಳು ತಾನೇ ಹೋಗುತ್ತದೆ.

ಜೋರು ತಿರುವಿಗೆ ಮೊದಲು ಸ್ವಲ್ಪ ಒಳಗೆ ತಟ್ಟಿಕೊಳ್ಳಿ, ಥ್ರಾಟಲ್ಲೂ ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಬೋಟು ವಾಲಿದಾಗ ಪ್ರೊಪೆಲ್ಲರು ಗಾಳಿ ಎಳೆದುಕೊಂಡು ಹಿಡಿತ ಬಿಡುತ್ತದೆ. ಮತ್ತೆ, ಇಂಜಿನ್ ಆರಿಸುವ ಹಗ್ಗವನ್ನು ಮೈಗೆ ಸಿಕ್ಕಿಸಿಕೊಂಡೇ ಈ ಪ್ರಯೋಗಗಳನ್ನು ಮಾಡಿ.

ಒಳಇಂಜಿನ್

ನನ್ನದು ಸ್ಟರ್ನ್‌ಡ್ರೈವ್. ಇಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರು ಇರುವ ಕಾಲು ಮಾತ್ರ ಹೊರಗೆ. ನಮಗೂ ಇದೆಲ್ಲ ಅನ್ವಯಿಸುತ್ತದೆ, ಒಂದು ವ್ಯತ್ಯಾಸ ಬಿಟ್ಟು. ಔಟ್‌ಬೋರ್ಡಿನಲ್ಲಿ ಇಂಜಿನ್ನೂ ಕಾಲೂ ಒಟ್ಟಿಗೆ ವಾಲುತ್ತವೆ. ನಮ್ಮದರಲ್ಲಿ ಕಾಲು ಮಾತ್ರ ಎದ್ದಾಗ ನಡುವಿನ ಯೂನಿವರ್ಸಲ್ ಜಾಯಿಂಟ್ ಮಡಚುತ್ತದೆ. ಕಾಲು ಮೇಲೆತ್ತಿಕೊಂಡು ರೇಸ್ ಕೊಟ್ಟರೆ ಆ ಜಾಯಿಂಟು, ಬೇರಿಂಗು ಹೋಗುತ್ತವೆ. ಅದಕ್ಕೇ ನಮಗೆ ಎಷ್ಟೋ ಬೋಟುಗಳಲ್ಲಿ ಟ್ರೇಲರಿಗೆ ಅಂತ ಬೇರೆಯೇ ಬಟನ್ ಕೊಟ್ಟಿರುತ್ತಾರೆ. ಓಡುವಾಗ ಅದನ್ನು ಮುಟ್ಟುವ ಹಾಗಿಲ್ಲ.

ಹೊಸಚುಕ್ಕಾಣಿ

ಇವತ್ತು ಬೆಳಿಗ್ಗೆ ಇನ್ನೊಂದು ಕಂಡಿತು. ನಿನ್ನೆ ಸಂಜೆ ಪೂರ್ತಿ ಟಿಲ್ಟ್ ಮಾಡಿ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಮೋಟಾರು ತಾನೇ ಅರ್ಧ ಇಳಿದು ಪ್ರೊಪೆಲ್ಲರು ನೀರಲ್ಲಿತ್ತು. ಮೇಲೆತ್ತಿದರೆ ಏಳುತ್ತದೆ, ಸದ್ದು ಮಾತ್ರ ಸ್ವಲ್ಪ ಗೊರಗೊರ ಅನ್ನುತ್ತದೆ.

ಹಳೇಪಿಸ್ಟನ್

ಗೊರಗೊರ ಅಂದರೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿರಬಹುದು. ಮೊದಲು ಅದನ್ನು ನೋಡಿ. ಆದರೆ ಕ್ರಮ ತಪ್ಪಿಸಬೇಡಿ. ಮೋಟಾರು ಪೂರ್ತಿ ಮೇಲಿರಬೇಕು, ಟಿಲ್ಟ್ ಲಾಕಿನ ಕೊಕ್ಕೆ ಹಾಕಿರಬೇಕು, ಆಮೇಲೆ ಎಣ್ಣೆಯ ಮುಚ್ಚಳ ತೆಗೆಯಬೇಕು. ಬಹುತೇಕ ಮೋಟಾರುಗಳಲ್ಲಿ ಅಳತೆ ನೋಡುವುದೇ ಆ ಸ್ಥಿತಿಯಲ್ಲಿ. ಕೆಳಗಿದ್ದಾಗ ತೆಗೆದರೆ ಒತ್ತಡದಲ್ಲಿ ಎಣ್ಣೆ ಮುಖಕ್ಕೆ ಚಿಮ್ಮಬಹುದು. ಎಣ್ಣೆ ಯಾವುದು ಅಂತ ಮೋಟಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿ. ತುಂಬಿ, ಮುಚ್ಚಳ ಬಿಗಿದು, ಕೊಕ್ಕೆ ತೆಗೆದು, ನಾಲ್ಕೈದು ಸಲ ಪೂರ್ತಿ ಮೇಲೆ ಪೂರ್ತಿ ಕೆಳಗೆ ಮಾಡಿ. ಗಾಳಿ ಹೊರಗೆ ಹೋಗುತ್ತದೆ. ಮತ್ತೆ ಅಳತೆ ನೋಡಿ.

ತೆಗೆದ ಎಣ್ಣೆ ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ. ಸೀಲ್ ಹೋಗಿದೆ.

ಎಣ್ಣೆ ಸರಿ ಇದ್ದೂ ಇಳಿಯುತ್ತಿದ್ದರೆ ಮ್ಯಾನುಯಲ್ ವಾಲ್ವ್ ನೋಡಿ. ಬ್ರಾಕೆಟ್ಟಿನ ಪಕ್ಕದ ತೂತಿನೊಳಗೆ ಸ್ಕ್ರೂ ತರಹ ಕಾಣುತ್ತದೆ. ಬ್ಯಾಟರಿ ಸತ್ತಾಗ ಅದನ್ನು ಸಡಿಲ ಮಾಡಿ ಮೋಟಾರನ್ನು ಕೈಯಿಂದ ಎತ್ತಬಹುದು, ಇಳಿಸಬಹುದು. ಹಿಂದಿನ ಮಾಲೀಕರು ಯಾವಾಗಲೋ ತಿರುಗಿಸಿ, ಪೂರ್ತಿ ಬಿಗಿಯದೆ ಬಿಟ್ಟಿರಬಹುದು. ಅಲ್ಲೂ ಸರಿ ಇದ್ದರೆ ಒಳಗಿನ ವಾಲ್ವು ಅಥವಾ ಓ-ರಿಂಗು. ಅದು ಬಿಚ್ಚುವ ಕೆಲಸ, ತಿಳಿದವರಿಗೆ ಕೊಡಿ.

ಮೋಟಾರು ಎದ್ದಿರುವಾಗ ಆ ಸ್ಕ್ರೂ ತೆಗೆದರೆ ಅದರ ಅಷ್ಟೂ ಭಾರ ಕೆಳಗೆ ಬರುತ್ತದೆ. ಕೈಯನ್ನು, ತಲೆಯನ್ನು ಕೆಳಗೆ ಇಡಬೇಡಿ. ಇದನ್ನು ಓದುವ ಎಲ್ಲರಿಗೂ ಹೇಳುತ್ತಿದ್ದೇನೆ.

ನೀರ್ಕಾಗೆ

ನನ್ನದು ಬೇರೆ ಕಾಯಿಲೆ. ಕೆಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಒತ್ತಿದರೆ ಟಕ್ ಅನ್ನುತ್ತದೆ ಅಷ್ಟೇ.

ಸ್ಪ್ಯಾನರ್‌ಹದಿನಾಲ್ಕು

ಟಕ್ ಅಂದರೆ ಸ್ವಿಚ್ಚಿನಿಂದ ರಿಲೇ (ಪಂಪಿಗೆ ಕರೆಂಟು ಬಿಡುವ ಸಣ್ಣ ಪೆಟ್ಟಿಗೆ) ತನಕ ಸಂದೇಶ ಹೋಗುತ್ತಿದೆ. ಕೆಳಗೆ ಹೋಗುತ್ತಿದೆ ಅಂದರೆ ಪಂಪಿನ ಮೋಟಾರೂ ಬದುಕಿದೆ. ಮೇಲಕ್ಕೊಂದು ಕೆಳಕ್ಕೊಂದು ರಿಲೇ ಇದ್ದು, ಎರಡೂ ಒಂದೇ ತರಹದ್ದಾಗಿದ್ದರೆ ಅದಲು ಬದಲು ಮಾಡಿ ನೋಡಿ. ಈಗ ಮೇಲೆ ಬಂದು ಕೆಳಗೆ ಹೋಗದಿದ್ದರೆ ರಿಲೇ ಕಳ್ಳ. ಏನೂ ಬದಲಾಗದಿದ್ದರೆ ತಂತಿಯ ಕೊನೆಗಳನ್ನು ನೋಡಿ, ಉಪ್ಪುನೀರಿನಲ್ಲಿ ಹಸಿರು ತುಕ್ಕು ಹಿಡಿದಿರುತ್ತದೆ. ಬ್ಯಾಟರಿ ಕೂಡ ಒಮ್ಮೆ ಅಳೆಯಿರಿ. ಎತ್ತುವುದಕ್ಕೆ ಇಳಿಸುವುದಕ್ಕಿಂತ ಜಾಸ್ತಿ ಕರೆಂಟು ಬೇಕು.

ಕಡಲಮಗಳು

ಟಿಲ್ಟ್ ಲಾಕಿನ ಮಾತು ಬಂತಲ್ಲ, ಬಹಳ ಜನ ಬಿಡುವ ಒಂದು ಹೆಜ್ಜೆ ಇದೆ. ಮೋಟಾರು ಮೇಲೆತ್ತಿ ಕೊಕ್ಕೆ ಹಾಕಿದ ಮೇಲೆ, ಎರಡು ಗಿಡ್ಡ ರಾಡುಗಳು ಹೊರಗೇ ಇರುತ್ತವೆ. ಆಗ ಕೆಳಗಿನ ಬಟನ್ ಸ್ವಲ್ಪ ಒತ್ತಿ. ಮೋಟಾರು ಕೊಕ್ಕೆಯ ಮೇಲೆ ನಿಲ್ಲುತ್ತದೆ, ರಾಡುಗಳು ಒಳಗೆ ಹೋಗುತ್ತವೆ. ಉಪ್ಪುನೀರಿನಲ್ಲಿ ಹೊರಗೆ ಬಿಟ್ಟ ರಾಡಿನ ಮೇಲೆ ಚಿಪ್ಪು ಬೆಳೆದರೆ, ಮುಂದಿನ ಸಲ ಒಳಗೆ ಹೋಗುವಾಗ ಸೀಲನ್ನು ಕೊರೆದುಕೊಂಡು ಹೋಗುತ್ತದೆ. ನಿಮ್ಮ ಮೋಟಾರು ಇಳಿಯುವುದಕ್ಕೆ ಇದೂ ಕಾರಣ ಇರಬಹುದು.

ಆ ಕೊಕ್ಕೆ ನಿಲ್ಲಿಸಿದ ಬೋಟಿಗೆ ಮಾತ್ರ. ರಸ್ತೆಯಲ್ಲಿ ಟ್ರೇಲರ್ ಎಳೆಯುವಾಗ ಅದರ ಮೇಲೆ ಭಾರ ಬಿಡಬೇಡಿ ಅಂತ ಬಹಳ ಪುಸ್ತಕಗಳಲ್ಲೇ ಬರೆದಿದೆ. ಗುಂಡಿಗೆ ಬಿದ್ದಾಗ ಮೋಟಾರು ಕುಣಿದು ಬೋಟಿನ ಹಿಂಬದಿಯ ಹಲಗೆಗೇ ಪೆಟ್ಟು. ನೆಲಕ್ಕೆ ಸಾಕಷ್ಟು ಅಂತರ ಇದ್ದರೆ ಓಡಿಸುವ ಸ್ಥಿತಿಯಲ್ಲೇ ಇಳಿಸಿ ಹೋಗಿ. ಇಲ್ಲದಿದ್ದರೆ ಟ್ರೇಲರಿಗೂ ಮೋಟಾರಿಗೂ ನಡುವೆ ಸಿಕ್ಕಿಸುವ ಆಸರೆ ಕೋಲು ಹಾಕಿ.

ಹೊಸಚುಕ್ಕಾಣಿ

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಎಣ್ಣೆ ಕಡಿಮೆ ಇತ್ತು, ತುಂಬಿದೆ. ಆ ಸ್ಕ್ರೂ ಕೂಡ ಕಾಲು ಸುತ್ತು ಸಡಿಲ ಇತ್ತು. ಬಿಗಿದ ಮೇಲೆ ಎರಡು ರಾತ್ರಿ ಮೋಟಾರು ಇಳಿದಿಲ್ಲ. ಒಂದು ರಾಡಿನ ಮೇಲೆ ಸಣ್ಣ ಗೀರು ಕಂಡಿತು, ಕಣ್ಣಿಟ್ಟಿದ್ದೇನೆ.

ಇವತ್ತು ನೀರು ಶಾಂತವಾಗಿತ್ತು. ಥ್ರಾಟಲ್ ಒಂದೇ ಕಡೆ ಇಟ್ಟು, ನೀರ್ಕಾಗೆ ಹೇಳಿದ ಹಾಗೆ ತಟ್ಟಿದೆ. ಪೂರ್ತಿ ಒಳಗಿದ್ದಾಗ 4400 ಆರ್‌ಪಿಎಂ, ಗಂಟೆಗೆ 37 ಕಿ.ಮೀ. ಮೂರು ತಟ್ಟಿಗೆ 41. ಐದಕ್ಕೆ 4700 ಆರ್‌ಪಿಎಂ, 44 ಕಿ.ಮೀ. ಆರನೆಯದಕ್ಕೆ ಆರ್‌ಪಿಎಂ ಏರಿತು, ವೇಗ 44ರಲ್ಲೇ ನಿಂತಿತು. ಏಳನೆಯದಕ್ಕೆ ಹಳೇ ಕುದುರೆ ಕುಣಿತ. ಎರಡು ಕೆಳಗೆ ತಟ್ಟಿದೆ, ನಿಂತಿತು.

ಸ್ಟೇರಿಂಗು ಬೆರಳಲ್ಲಿ ತಿರುಗುತ್ತಿದೆ. ರೆಕ್ಕೆ ಮುಟ್ಟಲೇ ಇಲ್ಲ. ಆದರೆ ವಾಪಸ್ ಬರುವಾಗ ಇಬ್ಬರು ಜಾಸ್ತಿ ಹತ್ತಿ ಹಿಂದೆ ಕೂತರು. ಅದೇ ಐದು ತಟ್ಟಿಗೇ ಕುಣಿಯಿತು! ಯಾಕೆ?

ನೀರ್ಕಾಗೆ

ಹಿಂದೆ ಭಾರ ಬಿತ್ತು, ಮೂತಿ ಮೊದಲೇ ಎದ್ದಿತ್ತು. ಅದರ ಮೇಲೆ ಐದು ತಟ್ಟು ಜಾಸ್ತಿಯಾಯಿತು. ತಟ್ಟು ಎಣಿಸಬೇಡಿ, ಅವತ್ತಿನ ಭಾರಕ್ಕೆ ಅವತ್ತಿನ ಟ್ರಿಮ್. ಅಥವಾ ಒಬ್ಬರನ್ನು ಮುಂದೆ ಕೂರಿಸಿ. ಈಗ ಅಲ್ಲಿ ಒದ್ದೆಯಾಗುವುದಿಲ್ಲವಲ್ಲ.

ನನ್ನದು ರಿಲೇನೇ ಆಗಿತ್ತು.

ಹುಟ್ಟುಗೋಲು

ನನ್ನ ಪಿನ್ನು ಹೊರಗೆ ಬಂತು. ಅರ್ಧ ಮಾತ್ರ. ಇನ್ನರ್ಧ ತೂತಿನಲ್ಲೇ ಇದೆ. ಯಾರಾದರೂ ಇದ್ದೀರಾ?